ಗದ್ದೆ ಇಲ್ಲದ ಊರಿನ ಹಂದಿಗಳು

ಊರಿನಿಂದ ಸಿಂಗಪುರಕ್ಕೆ ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಹೆಂಡತಿ ಮರೀನಾ ಬೇ, ಸೆಂತೋಸಾ, ಮುಸ್ತಫಾ ಎನ್ನುತ್ತಾಳೆ. ನಾನು ಪುಲಾವ್ ಉಬಿನ್ ದ್ವೀಪ ಎನ್ನುತ್ತೇನೆ. ಅಲ್ಲೇನಿದೆ ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ: ಬಾಡಿಗೆ ಸೈಕಲ್, ಎಳನೀರು, ಮುಚ್ಚಿದ ಕಲ್ಲುಕ್ವಾರಿಗಳು, ಸೊಳ್ಳೆ, ಕಾಡುಹಂದಿ. "ಕಾಡುಹಂದಿ ನೋಡಲು ವಿಮಾನ ಹತ್ತಿ ಬರಬೇಕೇ? ನಿಮ್ಮ ಮನೆಯ ಹಿತ್ತಲಿಗೇ ಬರುತ್ತವಲ್ಲ" ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇದೆ. ಆದರೂ ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿಸಿಕೊಂಡು ಅಪ್ಪಯ್ಯ ಮಾರ್ಚ್ ತಿಂಗಳಿನಲ್ಲಿ ಬಂದಾಗ ಗೆದ್ದದ್ದು ನಾನು. ಮಾಲ್‌ಗಳ ನುಣುಪು ನೆಲದ ಮೇಲೆ ನಡೆದೂ ನಡೆದೂ ಅವರ ಮಂಡಿ ಹಿಡಿದುಕೊಂಡಿತ್ತು. "ಎಲ್ಲಾದರೂ ಮಣ್ಣಿರುವ ಕಡೆ ಕರೆದುಕೊಂಡು ಹೋಗು ಮಾರಾಯ" ಎಂದರು.

ಚಾಂಗಿ ಪಾಯಿಂಟ್‌ನ ದೋಣಿಕಟ್ಟೆಯಲ್ಲಿ ವೇಳಾಪಟ್ಟಿ ಎಂಬುದಿಲ್ಲ. ಹನ್ನೆರಡು ಜನ ಸೇರಿದರೆ ದೋಣಿ ಹೊರಡುತ್ತದೆ. ಸೇರದಿದ್ದರೆ ಬೆಂಚಿನ ಮೇಲೆ ಕೂತು ಕಾಯಬೇಕು, ಇಲ್ಲವೇ ಬಾರದವರ ಪಾಲನ್ನೂ ನಾವೇ ಕೊಡಬೇಕು. ತಲೆಗೆ ನಾಲ್ಕು ಡಾಲರ್, ಹಣ ದೋಣಿಯವನ ಕೈಗೆ. ನಿಮಿಷಕ್ಕೆ ನಿಮಿಷ ಹೊಂದಿಸಿ ರೈಲು ಓಡಿಸುವ ದೇಶದಲ್ಲಿ ಇಂಥದ್ದೊಂದು ಉಳಿದುಕೊಂಡಿರುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಅಪ್ಪಯ್ಯನಿಗಂತೂ ಇದು ಆಗುಂಬೆ ಕಡೆಯ ಹಳೆಯ ಜೀಪುಗಳ ಲೆಕ್ಕವೇ ಅನಿಸಿ, ಈ ದೇಶದ ಬಗ್ಗೆ ಮೊದಲ ಬಾರಿಗೆ ಒಂದಿಷ್ಟು ನಂಬಿಕೆ ಬಂತು. ಡೀಸೆಲ್ ಹೊಗೆ ಉಗುಳುತ್ತಾ ದೋಣಿ ಹತ್ತು ನಿಮಿಷದಲ್ಲಿ ಆಚೆ ದಡ ಮುಟ್ಟುತ್ತದೆ. ನೆತ್ತಿಯ ಮೇಲೆ ಚಾಂಗಿ ನಿಲ್ದಾಣಕ್ಕೆ ಇಳಿಯುವ ವಿಮಾನಗಳು, ಎದುರಿಗೆ ಮಲೇಷ್ಯಾದ ಜೊಹೊರ್ ತೀರ, ನಡುವೆ ಹತ್ತು ಚದರ ಕಿಲೋಮೀಟರಿನ ಈ ದ್ವೀಪ.

ಪ್ರವಾಸಿ ಕರಪತ್ರಗಳು ಉಬಿನ್ ಅನ್ನು ನಾಗರಿಕತೆ ಮುಟ್ಟದ ಕಾಡು ಎಂಬಂತೆ ವರ್ಣಿಸುತ್ತವೆ. ಅದು ಶುದ್ಧ ಸುಳ್ಳು. ಈ ದ್ವೀಪವನ್ನು ಮುಟ್ಟಿದಷ್ಟು ಬೇರೆ ಯಾವುದನ್ನೂ ಮುಟ್ಟಿರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಇಲ್ಲಿ ಗ್ರಾನೈಟ್ ಒಡೆಯುತ್ತಿದ್ದರು. 1851ರಲ್ಲಿ ದೀಪ ಹತ್ತಿದ ಹಾರ್ಸ್‌ಬರ್ಗ್ ದೀಪಸ್ತಂಭದ ಕಲ್ಲು ಹೋದದ್ದು ಇಲ್ಲಿಂದ. ಸಿಂಗಪುರವನ್ನು ಜೊಹೊರ್‌ಗೆ ಜೋಡಿಸುವ ಸೇತುದಾರಿಗೂ ಇಲ್ಲಿಯ ಕಲ್ಲು ಬಿದ್ದಿದೆ. ಕಲ್ಲು ಇಲ್ಲದ ಕಡೆ ರಬ್ಬರ್, ತೆಂಗು, ಅನಾನಸ್ ಬೆಳೆದರು. ಸಾವಿರಾರು ಜನ ಇದ್ದ ಊರು, ಶಾಲೆಯಿತ್ತು, ನಾಟಕ ಆಡುವ ಕಟ್ಟೆಯಿತ್ತು. ಕಟ್ಟೆ ಈಗಲೂ ಇದೆ. 1999ರಲ್ಲಿ ಕೊನೆಯ ಕ್ವಾರಿ ಮುಚ್ಚುವ ಹೊತ್ತಿಗೆ ಮಕ್ಕಳೆಲ್ಲ ಆಚೆ ದಡದ ಬಹುಮಹಡಿ ಮನೆಗಳನ್ನು ಸೇರಿದ್ದರು. ಈಗ ಉಳಿದಿರುವವರು ಕೆಲವೇ ಡಜನ್ ಮಂದಿ, ಹೆಚ್ಚಿನವರು ಮುದುಕರು. ಜನ ಬಿಟ್ಟುಹೋದ ತೋಟದಲ್ಲಿ ರಬ್ಬರ್ ಮರದ ಸಂದಿಗಳಲ್ಲೆಲ್ಲ ಕಾಡು ಗಿಡ ಎದ್ದಿತು. ಕ್ವಾರಿಗಳಲ್ಲಿ ನೀರು ನಿಂತು ಕೆರೆಯಾಯಿತು. ಒಂದು ಕ್ವಾರಿಯ ನಡುಗಡ್ಡೆಯ ಮರಗಳಲ್ಲಿ ಬಕಗಳು ಗೂಡು ಕಟ್ಟಿಕೊಂಡಿವೆ.

ದಾರಿಯ ಬದಿಯಲ್ಲಿ ಸಾಲಾಗಿ ನಿಂತ ಮರಗಳನ್ನು ವ್ಯಾನಿನ ಕಿಟಕಿಯಿಂದ ನೋಡಿದ ಅಪ್ಪಯ್ಯ ಎಣಿಸಿಕೊಂಡಂತೆ ಬೆರಳು ಆಡಿಸಿ, "ಇದು ಕಾಡಲ್ಲ. ಯಾರೋ ಅಳತೆ ಹಿಡಿದು ನೆಟ್ಟದ್ದು" ಎಂದರು. ನಾನು ಓದಿ ತಿಳಿದುಕೊಂಡದ್ದನ್ನು ಅವರು ಮರಗಳ ಅಂತರ ನೋಡಿಯೇ ಹೇಳಿಬಿಟ್ಟರು.

ಹಂದಿಗೆ ಇಂಥ ಜಾಗಕ್ಕಿಂತ ಬೇರೆ ಸ್ವರ್ಗ ಬೇಕಿಲ್ಲ. ದೊಡ್ಡ ಕಾಡಿನಲ್ಲಿ ಅದು ಹಣ್ಣು ಉದುರುವ ಕಾಲ ಕಾಯಬೇಕು, ಬೇರು ಗೆಡ್ಡೆ ಹುಡುಕುತ್ತಾ ಅಲೆಯಬೇಕು. ಇಲ್ಲಿ ಹಳೆಯ ಮನೆಗಳ ಅಂಗಳದಲ್ಲಿ ತೆಂಗು, ಹಲಸಿನ ಜಾತಿಯ ಚೆಂಪೆಡಾಕ್, ಡೂರಿಯನ್ ಮರಗಳು ಯಜಮಾನರಿಲ್ಲದೆ ಫಲ ಬಿಡುತ್ತವೆ. ಜೂನ್, ಜುಲೈನಲ್ಲಿ ಡೂರಿಯನ್ ಬಿದ್ದರೆ ಅದರ ವಾಸನೆ ನಮ್ಮ ಮೂಗಿಗೇ ಅರ್ಧ ಫರ್ಲಾಂಗಿನಿಂದ ಹೊಡೆಯುತ್ತದೆ, ಹಂದಿಯ ಮೂಗಿಗೆ ಕೇಳಬೇಕೇ. ಮುಳ್ಳು ಸಿಪ್ಪೆಯನ್ನು ಗೊರಸಿನಲ್ಲಿ ಒತ್ತಿ ಹಿಡಿದು, ಬಿರುಕು ಬಿಟ್ಟ ಕಡೆ ಮೂತಿ ತೂರಿಸಿ ತೊಳೆಗಳನ್ನು ಎಳೆದು ತಿಂದ ಗುರುತು ಮರದ ಬುಡದಲ್ಲಿ ಬೇಕಾದಷ್ಟು ಸಿಗುತ್ತದೆ. ಮಲೇಷ್ಯಾದ ಪಾಸೊ ಕಾಡಿನಲ್ಲಿ ಹಂದಿಗಳ ಮೇಲೆ ಬಹಳ ಕಾಲ ಅಧ್ಯಯನ ನಡೆದಿದೆ. ಪಕ್ಕದ ತಾಳೆ ಎಣ್ಣೆ ತೋಟಗಳ ಹಣ್ಣು ತಿಂದು ಅಲ್ಲಿ ಹಂದಿ ಹೆಚ್ಚಿತು, ಹೆಚ್ಚಿದ ಹಂದಿಗಳು ಮತ್ತೆ ಕಾಡನ್ನೇ ಕಾಡಿದವು. ಹೇಗೆಂದರೆ, ಮರಿ ಹಾಕುವ ಮೊದಲು ಹೆಣ್ಣು ಹಂದಿ ಎಳೆಯ ಸಸಿಗಳನ್ನು ನೂರಾರು ಲೆಕ್ಕದಲ್ಲಿ ಮುರಿದು, ಕಿತ್ತು, ರಾಶಿ ಹಾಕಿ ಬಾಣಂತಿಕೋಣೆ ಕಟ್ಟಿಕೊಳ್ಳುತ್ತದೆ. ಒಂದು ಬಾಣಂತನಕ್ಕೆ ನಾಳೆಯ ಮರಗಳು ಅಷ್ಟು ಖರ್ಚಾಗುತ್ತವೆ. ತೋಟ ಒಂದು ಕಡೆ, ಅದರ ಏಟು ಇನ್ನೊಂದು ಕಡೆ.

ದ್ವೀಪದ ಪೂರ್ವ ತುದಿಯಲ್ಲಿ ಚೆಕ್ ಜಾವಾ ಇದೆ. ಇಳಿತದ ಹೊತ್ತಿಗೆ ಮರಳು, ಕಡಲಹುಲ್ಲು, ಕಾಂಡ್ಲಾ ಕಾಡು ಎಲ್ಲ ಒಟ್ಟಿಗೆ ತೆರೆದುಕೊಳ್ಳುವ ಜಾಗ. ಸಮುದ್ರ ತುಂಬಿಸಿ ನೆಲ ಮಾಡುವ ಯೋಜನೆ ಇದರ ಮೇಲೂ ಬಂದಿತ್ತು. ಜನ ಗುಂಪುಗುಂಪಾಗಿ ಬಂದು ನೋಡಿ, ಪತ್ರ ಬರೆದು, ಕೇಳಿಕೊಂಡ ಮೇಲೆ 2001ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ಮುಂದೂಡಿತು. ರದ್ದು ಮಾಡಲಿಲ್ಲ, ಮುಂದೂಡಿತು. ಈಗ ಅಲ್ಲಿ ಕಾಲುದಾರಿ ಇದೆ, ಮೇಲೇರಿ ನೋಡಲು ಗೋಪುರವಿದೆ, 1930ರ ದಶಕದ ಇಂಗ್ಲಿಷ್ ಮಾದರಿಯ ಮನೆಯೊಂದಿದೆ. ಸೈಕಲ್‌ಗೆ ಒಳಗೆ ಪ್ರವೇಶವಿಲ್ಲ. ಹಾಗಾಗಿ ದ್ವೀಪದ ಸೈಕಲ್‌ಗಳೆಲ್ಲ ಬಾಗಿಲಿನಲ್ಲಿ ಸಾಲಾಗಿ ನಿಂತಿರುತ್ತವೆ, ಪ್ರತಿಯೊಂದಕ್ಕೂ ಮುಂದೆ ಒಂದು ಬುಟ್ಟಿ. ಈ ವ್ಯವಸ್ಥೆಯನ್ನು ಹಂದಿಗಳು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿವೆ.

ನಾವು ವ್ಯಾನಿನಿಂದ ಇಳಿಯುವಾಗ ತಾಯಿ ಹಂದಿಯೊಂದು ಸಾಲಿನ ಆ ತುದಿಯಿಂದ ತಪಾಸಣೆ ಶುರು ಮಾಡಿತ್ತು. ನಮ್ಮ ಕಡೆಯ ಹಂದಿಗಿಂತ ತುಸು ಗಿಡ್ಡ. ಬೆನ್ನಿನ ಮೇಲೆ ನಮ್ಮವುಗಳಿಗಿರುವ ಒರಟು ಕೇಸರ ಇಲ್ಲ, ಕೂದಲು ವಿರಳ. ಮೂತಿಯಿಂದ ಕೆನ್ನೆಯವರೆಗೆ ಬಿಳಿಚಿಕೊಂಡ ಒಂದು ಪಟ್ಟೆ. ಹೊಟ್ಟೆಯ ಕೆಳಗೆ ಒಣಗಿದ ಕೆಸರು ಹೆಕ್ಕಳೆಯಾಗಿ ಎದ್ದಿತ್ತು. ಹಂದಿಯ ಮೈ ಬೆವರಿ ತಣ್ಣಗಾಗುವುದಿಲ್ಲ, ಈ ಸೆಕೆಯ ಊರಿನಲ್ಲಿ ಕೆಸರೇ ಅದರ ಫ್ಯಾನು. ಹಿಂದೆ ನಾಲ್ಕು ಮರಿಗಳು, ಕಂದು ಮೈಯ ಮೇಲೆ ಹಳದಿ ಗೀರುಗಳು. ತಾಯಿ ಒಂದೊಂದು ಬುಟ್ಟಿಯ ಬಳಿಯೂ ನಿಂತು ಮೂತಿ ಮೇಲೆತ್ತುತ್ತಿತ್ತು. ಆ ಮೂತಿಯ ತುದಿಯ ತಟ್ಟೆ ಒದ್ದೆಯಾಗಿ ಹೊಳೆಯುತ್ತಿತ್ತು, ಅದರ ಅಂಚು ಒಂದು ಕ್ಷಣವೂ ಸುಮ್ಮನಿರದೆ ಆಡುತ್ತಿತ್ತು. ಐದಾರು ಸೈಕಲ್ ದಾಟಿ, ಒಂದರ ಮುಂದೆ ನಿಂತಿತು. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಚೀಲ. ಮೂತಿಯನ್ನು ಬುಟ್ಟಿಯ ತಳಕ್ಕೆ ಕೊಟ್ಟು ಒಮ್ಮೆ ಮೇಲಕ್ಕೆ ಒಗೆಯಿತು, ಅಷ್ಟೇ. ಆ ಸೈಕಲ್ ಪಕ್ಕದ್ದರ ಮೇಲೆ, ಅದು ಮತ್ತೊಂದರ ಮೇಲೆ ಉರುಳಿ ದೊಡ್ಡ ಸದ್ದಾಯಿತು. ಮರಿಗಳು ಚೀರಿ ಪೊದೆ ಸೇರಿದವು. ತಾಯಿ ಕದಲಲಿಲ್ಲ. ಚೀಲದಿಂದ ಹೊರಳಿದ ಬನ್ನನ್ನು ಕಾಗದ ಸಮೇತ ಅಗಿಯುತ್ತಾ ನಿಂತಿತ್ತು.

ಸುತ್ತ ಇದ್ದವರೆಲ್ಲ ಮೊಬೈಲ್ ಎತ್ತಿದರು. ಸೈಕಲ್ಲಿನ ಹುಡುಗನೇ ನಗುತ್ತಾ ವಿಡಿಯೊ ಮಾಡಿಕೊಳ್ಳುತ್ತಿದ್ದ. ನಾನು ತಿರುಗಿ ನೋಡುವಾಗ ಅಪ್ಪಯ್ಯನ ಕೈಯಲ್ಲಿ ಕೋಲು ಇತ್ತು. ಎಲ್ಲಿಂದ ಎತ್ತಿಕೊಂಡರೋ, ಅವರಿಗೇ ಗೊತ್ತಿರಲಿಲ್ಲ. ಹಂದಿಯ ಜೊತೆ ಐವತ್ತು ವರ್ಷ ಹೂಡಿದ ವ್ಯಾಜ್ಯ ಆ ಕೈಯಲ್ಲಿ ತಾನಾಗಿಯೇ ಎದ್ದು ನಿಂತಿತ್ತು.

"ಅಪ್ಪಯ್ಯ, ಕೋಲು ಕೆಳಗೆ ಹಾಕಿ. ಇಲ್ಲಿ ಹೊಡೆಯುವ ಹಾಗಿಲ್ಲ."

"ಹೊಡೆಯುವುದಿಲ್ಲ, ಇರಲಿ" ಎಂದರು. ಸ್ವಲ್ಪ ತಡೆದು, "ಇದಕ್ಕೆ ಇಲ್ಲಿ ಯಾರೂ ಏನೂ ಮಾಡುವುದಿಲ್ಲವೋ?" ಎಂದು ಕೇಳಿದರು. ಆ ಮಾತಿನಲ್ಲಿ ಸಿಟ್ಟಿಗಿಂತ ಅಸೂಯೆ ಹೆಚ್ಚಿತ್ತು ಎಂದು ನನ್ನ ಗುಮಾನಿ.

ತೀರ್ಥಹಳ್ಳಿ ಕಡೆಯ ಗದ್ದೆ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಭತ್ತದ ತೆನೆ ಹಾಲು ಕಟ್ಟುವ ಹೊತ್ತಿಗೆ ಹಂದಿ ಬಂದರೆ ತಿನ್ನುವುದು ಒಂದು ಪಾಲು, ಹೊರಳಾಡಿ ಹಾಳು ಮಾಡುವುದು ಮೂರು ಪಾಲು. ಬಾಳೆಯ ಬುಡ ಅಗೆದು ಗೆಡ್ಡೆ ತಿನ್ನುತ್ತದೆ. ಹೊಸದಾಗಿ ಇಟ್ಟ ಅಡಿಕೆ ಸಸಿಯ ಬುಡದ ಗೊಬ್ಬರದಲ್ಲಿ ಎರೆಹುಳ ಇದೆ ಎಂದು ಸಾಲಿಗೆ ಸಾಲೇ ಮಗುಚುತ್ತದೆ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ಗದ್ದೆಯ ಮಾಳದಲ್ಲಿ ಮಲಗಿ ರಾತ್ರಿಯಿಡೀ ತಗಡಿನ ಡಬ್ಬ ಬಡಿಯುತ್ತಿದ್ದರು, ನಡುನಡುವೆ ಕೂಗು ಹಾಕುತ್ತಿದ್ದರು. ಆಚೆ ಗುಡ್ಡದ ಮಾಳದಿಂದ ಇನ್ನೊಬ್ಬರ ಕೂಗು ಬರುತ್ತಿತ್ತು. ಆಮೇಲೆ ಗರ್ನಾಲು ಬಂತು. ಅಮ್ಮನ ಹಳೆಯ ಸೀರೆಗಳನ್ನೆಲ್ಲ ಗದ್ದೆಯ ಸುತ್ತ ಕಟ್ಟಿದ್ದಾಯಿತು. ಕ್ಷೌರದಂಗಡಿಯಿಂದ ಕೂದಲು ಚೀಲಗಟ್ಟಲೆ ತಂದು ಅಂಚಿನಲ್ಲಿ ಉದುರಿಸಿದ್ದಾಯಿತು. ಈಗ ಸೌರ ಬೇಲಿ. ಬಾದಾಮಿಯ ಗುಹೆಗೆ ಹೋದಾಗ, ಭೂದೇವಿಯನ್ನು ಎತ್ತಿಕೊಂಡು ನಿಂತ ವರಾಹನಿಗೆ ಕೈ ಮುಗಿದು, "ಭೂಮಿ ಎತ್ತುವ ಅಭ್ಯಾಸ ಇವನಿಗೆ ಇನ್ನೂ ಬಿಟ್ಟಿಲ್ಲ" ಎಂದು ಅಪ್ಪಯ್ಯ ಹೇಳಿದ್ದು ನಮ್ಮ ಮನೆಯಲ್ಲಿ ಗಾದೆಯ ಹಾಗೆ ಉಳಿದಿದೆ.

ನನಗೆ ಉಬಿನ್‌ನ ಹಂದಿಗಳೆಂದರೆ ಇಷ್ಟ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಇಷ್ಟದ ಬೆಲೆ ನನಗೆ ಸೊನ್ನೆ. ನನ್ನದು ಹನ್ನೊಂದನೆಯ ಮಹಡಿಯ ಮನೆ, ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡ. ಹಂದಿ ಹಾಳು ಮಾಡಬಹುದಾದದ್ದು ನನ್ನ ಬಳಿ ಏನೂ ಇಲ್ಲ, ಹೆಚ್ಚೆಂದರೆ ಒಂದು ಬನ್ನು. ಸಿಂಗಪುರದ ವನ್ಯಪ್ರೇಮದ ಬಹುಪಾಲು ಹೀಗೆ ಬೆಳೆ ಇಲ್ಲದವರ ಪ್ರೇಮ. ಬೆಂಗಳೂರಿನ ನನ್ನ ಗೆಳೆಯರದ್ದೂ ಅಷ್ಟೇ. ಹುಲಿ ಉಳಿಯಬೇಕು, ಆನೆ ಉಳಿಯಬೇಕು ಎಂದು ಅವರು ಹೇಳುವುದು ಸರಿಯೇ, ನಾನೂ ಹೇಳುತ್ತೇನೆ. ಆದರೆ ಆ ಮಾತು ಹೇಳುವಾಗ ನಮ್ಮ ಧ್ವನಿ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ಅಪ್ಪಯ್ಯನ ಪಕ್ಕದಲ್ಲಿ ನಿಂತಾಗ ಕೇಳಿಸಿಕೊಂಡೆ.

ಹಾಗೆಂದು ಈ ದೇಶದವರು ಹಂದಿಯನ್ನು ಬರೀ ಮುದ್ದು ಮಾಡಿಕೊಂಡು ಕೂತಿದ್ದಾರೆ ಎಂದಲ್ಲ. ಕೊನೆಯ ಹುಲಿಯನ್ನು 1930ರಲ್ಲಿ ಚೋವಾ ಚು ಕಾಂಗ್‌ನಲ್ಲಿ ಹೊಡೆದು ಹಾಕಿದ ಮೇಲೆ ಹಂದಿಗೆ ಹೆದರಿಕೆ ಹುಟ್ಟಿಸುವ ಪ್ರಾಣಿ ಇಲ್ಲಿ ಉಳಿದಿಲ್ಲ. ವರ್ಷದಲ್ಲಿ ನಾಲ್ಕಾರು ಮರಿ ಹಾಕುವ ಪ್ರಾಣಿಗೆ ಇನ್ನೇನು ಬೇಕು? ಮುಖ್ಯ ದ್ವೀಪದಲ್ಲೂ ಅವು ಈಗ ಬಸ್ ನಿಲ್ದಾಣ, ಕಾಲುವೆ ದಂಡೆ ಎಲ್ಲ ಕಡೆ ಕಾಣಿಸಿಕೊಳ್ಳುತ್ತವೆ. 2020ರ ನವೆಂಬರ್‌ನಲ್ಲಿ ಪುಂಗೋಲ್ ಬಡಾವಣೆಯಲ್ಲಿ ಹಂದಿ ನುಗ್ಗಿ ಇಬ್ಬರಿಗೆ ಗಾಯವಾಯಿತು. ಅದೇ ವರ್ಷದ ಜೂನ್‌ನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಕಾಡುಪ್ರಾಣಿಗೆ ತಿನ್ನಲು ಕೊಟ್ಟರೆ ಮೊದಲ ತಪ್ಪಿಗೇ 5,000 ಡಾಲರ್‌ವರೆಗೆ ದಂಡ, ಮತ್ತೆ ಮಾಡಿದರೆ ಅದರ ಎರಡರಷ್ಟು. ಮೊದಲ ತಪ್ಪಿನ ದಂಡವೇ ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ಒಂದು ಬ್ರೆಡ್ಡಿನ ತುಂಡಿಗೆ ಇದು ಅತಿಯಾಯಿತು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಆ ಸೈಕಲ್ ಸಾಲಿನ ಮುಂದೆ ನಿಂತ ಮೇಲೆ ಹಾಗನ್ನಿಸುವುದಿಲ್ಲ. ಕಾಡಿನ ಹಂದಿ ಮನುಷ್ಯನ ವಾಸನೆ ಹತ್ತಿದರೆ ಗುಟುರು ಹಾಕಿ ಓಡುತ್ತದೆ. ಈ ಹಂದಿಗೆ ಪ್ಲಾಸ್ಟಿಕ್ ಚೀಲದ ಸರಬರ ಸದ್ದೇ ಊಟದ ಕರೆ. ಚೀಲ ಹಿಡಿದವನು ಕೊಡದಿದ್ದರೆ ಅದಕ್ಕೆ ಅರ್ಥವಾಗುವುದಿಲ್ಲ, ಎಂಬತ್ತು ಕಿಲೋ ತೂಕ ಹಾಕಿ ಕೇಳುತ್ತದೆ.

ಒಳಗಿನ ಕಾಲುದಾರಿಯಲ್ಲಿ ಅಪ್ಪಯ್ಯನ ಮನಸ್ಸು ಸ್ವಲ್ಪ ತಿಳಿಯಾಯಿತು. ಒಂದೇ ದೊಡ್ಡ ಕೊಂಬನ್ನು ಎತ್ತಿ ಎತ್ತಿ ಆಡಿಸುವ ಏಡಿಗಳು, ಕೆಸರಿನ ಮೇಲೆ ರೆಕ್ಕೆ ಊರಿಕೊಂಡು ಕುಪ್ಪಳಿಸುವ ಮೀನುಗಳು, ಗೋಪುರದ ಕೆಳಗೆ ಬಿಸಿಲು ಕಾಯಿಸುತ್ತಾ ಬಿದ್ದಿದ್ದ ಆಳುದ್ದದ ಉಡ. ಕೋತಿಗಳ ವಿಷಯ ಬೇಡ, ಕೋತಿ ಎಲ್ಲ ದೇಶದಲ್ಲೂ ಕೋತಿಯೇ. ಆಲದ ಜಾತಿಯ ಮರವೊಂದರಲ್ಲಿ ರೆಕ್ಕೆ ಬಡಿಯುವ ಸದ್ದು ಕೇಳಿ ಅಪ್ಪಯ್ಯ ತಲೆ ಎತ್ತದೆಯೇ "ಮಂಗಟ್ಟೆ" ಎಂದರು. ಹೌದು, ಕಪ್ಪು ಬಿಳುಪಿನ ಜೋಡಿ ಮಂಗಟ್ಟೆ. ಈ ಹಕ್ಕಿ ಸಿಂಗಪುರದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಾಣೆಯಾಗಿತ್ತು. 1994ರಲ್ಲಿ ಉಬಿನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು, ಸೀಳಷ್ಟೇ ಬಿಟ್ಟು, ಗಂಡು ತಂದದ್ದನ್ನು ತಿನ್ನುತ್ತಾ ಮರಿ ಮಾಡುವ ಹಕ್ಕಿ ಇದು. ಅದಕ್ಕೆ ದೊಡ್ಡ ಪೊಟರೆಯ ಹಳೆಯ ಮರಗಳೇ ಬೇಕು. ಅಂಥ ಮರ ಸಾಲದೆಂದು ಇಲ್ಲಿ ಮರದ ಪೆಟ್ಟಿಗೆಗಳನ್ನು ಮಾಡಿ ಕಟ್ಟಿದರು, ಹಕ್ಕಿ ಒಪ್ಪಿಕೊಂಡಿತು. ಈಗ ಚಾಂಗಿಯ ಮನೆಗಳ ಕಿಟಕಿಯ ಹತ್ತಿರವೂ ಬಂದು ಕೂರುತ್ತದೆ.

ಇವೆಲ್ಲ ಎಲ್ಲಿಂದ ಬಂದವು ಎಂದರೆ, ಬಹುತೇಕ ಎದುರು ದಡದಿಂದ. ಜೊಹೊರ್ ಜಲಸಂಧಿಯಲ್ಲಿ ಪೊಲೀಸ್ ದೋಣಿಗಳು ಹಗಲೂ ರಾತ್ರಿ ತಿರುಗುತ್ತವೆ, ಪಾಸ್‌ಪೋರ್ಟ್ ಇಲ್ಲದ ಮನುಷ್ಯ ದಾಟಿದರೆ ಜೈಲು. ಪ್ರಾಣಿಗಳಿಗೆ ಅದು ಒಂದು ಈಜಿನ ದೂರ. ಹಂದಿಗಳು ಮೂತಿಯನ್ನಷ್ಟೇ ಮೇಲಿಟ್ಟುಕೊಂಡು ಸಾಲಾಗಿ ಈಜಿ ಬರುತ್ತವೆ. 1990ರಲ್ಲಿ ಮೂರು ಆನೆಗಳು ಪಕ್ಕದ ತೆಕೊಂಗ್ ದ್ವೀಪಕ್ಕೆ ಈಜಿ ಬಂದಿದ್ದವು, ಅವನ್ನು ಹಿಡಿದು ವಾಪಸು ಕಳಿಸಬೇಕಾಯಿತು. ತೆಕೊಂಗ್ ಇಲ್ಲಿಯ ಸೇನಾ ತರಬೇತಿಯ ದ್ವೀಪ. ಅಲ್ಲಿಂದ ಬಂದ ಗೆಳೆಯರ ಮಗನಿಗೆ ಫಿರಂಗಿಗಿಂತ ಹೆಚ್ಚು ನೆನಪಿರುವುದು ರಾತ್ರಿ ಡೇರೆಯ ಪಕ್ಕ ಉಸಿರಾಡಿದ ಹಂದಿ. 2023ರ ಜುಲೈನಲ್ಲಿ ಪುಂಗೋಲ್‌ನ ಸೈಕಲ್ ದಾರಿಯಲ್ಲಿ ಟೇಪಿರ್ ಓಡಿದ್ದನ್ನು ಜನ ಕಣ್ಣಾರೆ ಕಂಡರು. ಮುಂಭಾಗ ಕಪ್ಪು, ಸೊಂಟ ಬಿಳಿ, ಚಿಕ್ಕ ಸೊಂಡಿಲಿನ ಆ ಪ್ರಾಣಿ ಯಾವ ದೇಶದ್ದು ಎಂದು ಯಾರೂ ಕೇಳಲಿಲ್ಲ.

ದೋಣಿಕಟ್ಟೆಯ ಕಡೆ ಮರಳುವಾಗ ದಾರಿಯಲ್ಲಿ ಒಂದು ಎಳನೀರಿನ ಅಂಗಡಿಯಲ್ಲಿ ಕೂತೆವು. ಅಂಗಡಿಯವರು ಎಪ್ಪತ್ತು ದಾಟಿದ ಚೀನೀ ಮುದುಕಿ, ಎಲ್ಲರಿಗೂ ಆಂಟಿ. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ, ನನ್ನ ಮಲಯ ಭಾಷೆ ಅವರಿಗೆ ನಗು ತರಿಸುತ್ತದೆ. ಮನೆಯ ಪಕ್ಕದಲ್ಲಿ ತಗಡಿನ ಹಾಳೆಗಳನ್ನು ಆನಿಸಿ ಮಾಡಿದ ಬೇಲಿ, ಒಳಗೆ ಹತ್ತಾರು ಮರಗೆಣಸಿನ ಗಿಡ, ಸ್ವಲ್ಪ ಮೆಣಸು. ಎಳನೀರು ಕುಡಿಯುತ್ತಿದ್ದ ಅಪ್ಪಯ್ಯ ಲೋಟ ಕೆಳಗಿಟ್ಟು ಎದ್ದು ಹೋದರು. ಬೇಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಕಡೆ ಕೈ ಆಡಿಸಿದರು. ಅಲ್ಲಿ ತಗಡು ಹೊರಗಿನಿಂದ ಒಳಕ್ಕೆ ಬಗ್ಗಿತ್ತು. ಕೆಳಗಿನ ಮಣ್ಣು ಹೊಸದಾಗಿ ಎದ್ದಿತ್ತು.

"ರಾತ್ರಿ ಬಂದಿತ್ತು, ಅಲ್ಲವೇ? ಕೇಳು ಅವರನ್ನು."

ಕೇಳಿದೆ. ಆಂಟಿ ಒಮ್ಮೆಗೇ ಮಾತಿನ ಮಡಕೆ ಒಡೆದರು. ಪ್ರತಿ ವಾರ ಬರುತ್ತವೆ. ಹಿಂದೆ ಊರು ತುಂಬ ಜನ, ಮನೆಗೊಂದು ನಾಯಿ ಇದ್ದ ಕಾಲದಲ್ಲಿ ಹೀಗಿರಲಿಲ್ಲ. ಈಗ ತಾನೊಬ್ಬಳು, ಹಂದಿ ನೂರು. ಬಂದವರೆಲ್ಲ ಹಂದಿ ಎಲ್ಲಿ ಸಿಗುತ್ತದೆ ಎಂದು ತನ್ನನ್ನೇ ಕೇಳುತ್ತಾರೆ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಗೆಣಸು ಹೋದದ್ದನ್ನು ಯಾರು ಕೇಳುತ್ತಾರೆ? ಇಷ್ಟನ್ನೂ ಅವರು ಅಪ್ಪಯ್ಯನ ಮುಖ ನೋಡಿಕೊಂಡೇ ಹೇಳಿದರು, ನಾನು ನಡುವೆ ಇದ್ದದ್ದು ಹೆಸರಿಗೆ.

ಅಪ್ಪಯ್ಯ ಎದ್ದು, ಹಂದಿ ಹೇಗೆ ಬರುತ್ತದೆ ಎಂದು ಮಾಡಿ ತೋರಿಸಿದರು. ಅದು ಬೇಲಿಯನ್ನು ಹಾರುವುದಿಲ್ಲ, ಮೂತಿಯನ್ನು ಅಡಿಗೆ ಕೊಟ್ಟು ಎತ್ತುತ್ತದೆ. ತಗಡು ಎಷ್ಟು ಎತ್ತರ ಇದ್ದರೂ ಉಪಯೋಗವಿಲ್ಲ, ಅದರ ಕೆಳಗೆ ಏನಿದೆ ಎಂಬುದೇ ಮುಖ್ಯ. ಒಂದು ಮೊಳ ಅಗೆದು ಕಲ್ಲು ಕೂರಿಸಬೇಕು, ಕಲ್ಲಿನ ಮೇಲೆ ತಗಡು ಬರಬೇಕು. "ಕಲ್ಲಿಗೇನು, ಈ ಊರಿನಲ್ಲಿ ಬರವೇ?" ಎಂದು ಕ್ವಾರಿಯ ದಿಕ್ಕಿಗೆ ಕೈ ತೋರಿಸಿದರು. ಇದಕ್ಕೆ ಅನುವಾದ ಬೇಕಾಗಲಿಲ್ಲ. ಆಂಟಿ "ಅಂಕಲ್, ಅಂಕಲ್" ಎಂದು ನಕ್ಕು, ಎಳನೀರಿನ ಹಣ ಬೇಡ ಎಂದರು. ಅಪ್ಪಯ್ಯ ಒತ್ತಾಯದಿಂದ ಕೊಟ್ಟರು. ಬಗ್ಗಿದ ಆ ಒಂದು ತಗಡಿನ ಬುಡಕ್ಕಾದರೂ ಕಲ್ಲು ಕೊಟ್ಟೇ ಹೊರಡುವುದು ಎಂದು ಹಟ ಹಿಡಿದು, ಹಿತ್ತಲಿನಲ್ಲಿ ಬಿದ್ದಿದ್ದ ಗ್ರಾನೈಟ್ ತುಂಡುಗಳನ್ನು ನನ್ನಿಂದ ಹೊರಿಸಿದರು. ಮಂಡಿ ನೋವಿನ ಮಾತು ಎಲ್ಲಿಯೂ ಬರಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಅಪ್ಪಯ್ಯ ಸಮುದ್ರ, ವಿಮಾನ, ಮಂಗಟ್ಟೆ ಎಲ್ಲ ವರದಿ ಒಪ್ಪಿಸಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ನಿನ್ನೆ ರಾತ್ರಿ ತೋಟದ ಕೆಳಗಿನ ಅಗಳು ದಾಟಿ ಹಂದಿ ಬಂದಿತ್ತು, ಮೂರು ಬಾಳೆ ಬುಡ ಮೇಲಾಗಿದೆ ಎಂದಳು.

"ಕಲ್ಲು ಕೂರಿಸಿದ ಕಡೆಯೋ, ಕೂರಿಸದ ಕಡೆಯೋ?" ಎಂದು ಅಪ್ಪಯ್ಯ ಕೇಳಿದರು.

ಕೂರಿಸಿದ ಕಡೆಯೇ ಎಂದಳು ಅಮ್ಮ.